ಕೆಜಿಎಫ್: ಎಲ್ಲರೂ ಕೇಳುವ ಪ್ರಶ್ನೆಗಳು, ಒಬ್ಬ ಬಂಗಾರಪೇಟೆಯವನ ಉತ್ತರಗಳು

ನನ್ನ ಊರು ಬಂಗಾರಪೇಟೆ, ಓದಿದ್ದು ಕೆಜಿಎಫ್‌ನಲ್ಲಿ. ಇದನ್ನು ಹೊಸಬರ ಹತ್ತಿರ ಹೇಳಿದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ರೈಲಿನಲ್ಲಿ, ಎಲ್ಲ ಕಡೆ ಅವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟಿದ್ದೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೆಜಿಎಫ್ ಸಿನಿಮಾದಲ್ಲಿ ತೋರಿಸಿದ್ದು ನಿಜವಾ?

ಇದೇ ಮೊದಲ ಪ್ರಶ್ನೆ, ಯಾವಾಗಲೂ. ಇಲ್ಲ ಸ್ವಾಮಿ. ಮಣ್ಣಿನ ದಿಬ್ಬಗಳು ನಿಜ, ಧೂಳು ನಿಜ, ಉಳಿದದ್ದು ಕಥೆ. ಸಿನಿಮಾ ಕಥೆ ನಡೆಯುವ ಎಪ್ಪತ್ತರ ದಶಕದಲ್ಲಿ ಇಲ್ಲಿನ ಗಣಿ ಸರ್ಕಾರದ ಕೈಯಲ್ಲಿತ್ತು. ಕೆಲಸಗಾರರಿಗೆ ಸಂಬಳದ ಚೀಟಿ ಇತ್ತು, ಯೂನಿಯನ್ ಇತ್ತು, ಕಂಪನಿ ಆಸ್ಪತ್ರೆ ಇತ್ತು. ಗೋಡೆ ಕಟ್ಟಿ ಜನರನ್ನು ಗುಲಾಮರ ಹಾಗೆ ಕೂಡಿಹಾಕಿದ ದೊರೆ ಯಾರೂ ಇರಲಿಲ್ಲ. ಹಾಗಂತ ಬದುಕು ಸುಖವಾಗಿತ್ತು ಅಂತ ಹೇಳುತ್ತಿಲ್ಲ, ಮುಂದೆ ಓದಿ. ನಿಜವಾದ ಕಷ್ಟ ಬೇರೆ ತರದ್ದು, ಅದನ್ನು ಪರದೆ ಮೇಲೆ ತೋರಿಸುವುದು ಕಷ್ಟ: ಬಿಸಿ, ಕತ್ತಲೆ, ಎದೆಯೊಳಗೆ ಸೇರುವ ಕಲ್ಲಿನ ಪುಡಿ, ಆಮೇಲೆ ಒಂದು ದಿನ ಗೇಟಿಗೆ ಬೀಗ.

ಸಿನಿಮಾದಿಂದ ಒಂದು ಲಾಭ ಆಗಿದೆ, ಒಪ್ಪಿಕೊಳ್ಳಬೇಕು. ಮೊದಲೆಲ್ಲ ಕೆಜಿಎಫ್ ಎಲ್ಲಿದೆ ಅಂತ ವಿವರಿಸಬೇಕಿತ್ತು. ಈಗ ದೆಹಲಿಯವನಿಗೂ ಹೆಸರು ಗೊತ್ತು.

ಕೆಜಿಎಫ್ ಅಂದರೆ ಒಂದೇ ಊರಾ?

ಕೋಲಾರ್ ಗೋಲ್ಡ್ ಫೀಲ್ಡ್ಸ್ ಅನ್ನುವುದು ಹಲವು ಜಾಗಗಳಿಗೆ ಸೇರಿ ಇರುವ ಹೆಸರು. ಅಂಗಡಿ, ಮಾರ್ಕೆಟ್ಟು, ಜನ ಗಿಜಿಗುಡುವುದು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಲ್ಲಿ. ಗಣಿಗಳು ಇದ್ದದ್ದು ಚಾಂಪಿಯನ್ ರೀಫ್ಸ್, ಉರಿಗಾಂ, ಮಾರಿಕುಪ್ಪಂ, ನಂದಿದುರ್ಗ, ಬಾಲಾಘಾಟ್ ಕಡೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಹತ್ತಿದರೆ ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ಒಂದೊಂದೇ ಸ್ಟೇಷನ್ ಬರುತ್ತವೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಊರು ಕಟ್ಟಿದವರು ಯಾರು, ಅದಕ್ಕೂ ಮೊದಲು ಇದ್ದವರು ಯಾರು ಅಂತ. ತಮಿಳಿನವರು ಇಡೀ ಊರನ್ನು ತಂಗವಯಲ್ ಅನ್ನುತ್ತಾರೆ, ಅಂದರೆ ಚಿನ್ನದ ಹೊಲ. ನನಗಂತೂ ಇಂಗ್ಲಿಷ್ ಹೆಸರಿಗಿಂತ ಇದೇ ಚೆಂದ.

ಬೆಂಗಳೂರಿನಿಂದ ಸುಮಾರು 100 ಕಿ.ಮೀ., ಕೋಲಾರದಿಂದ ಸುಮಾರು 30. ಕೋಲಾರದಲ್ಲಿ ಇಳಿದು "ಗಣಿ ಎಲ್ಲಿ" ಅಂತ ಕೇಳಬೇಡಿ, ಅಲ್ಲಿ ಗಣಿ ಇಲ್ಲ.

ಇನ್ನೊಂದು ಹೆಸರಿನ ಕಥೆ. ಬಂಗಾರಪೇಟೆ ಅನ್ನುವ ಹೆಸರು ಚಿನ್ನದಿಂದಲೇ ಬಂದಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಳೇ ದಾಖಲೆಗಳಲ್ಲಿ ನಮ್ಮೂರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಬೌರಿಂಗ್ ಕೂಡ ಇವನೇ.

ಚಿನ್ನ ಇದೆ ಅಂತ ಮೊದಲು ಕಂಡುಹಿಡಿದವನು ಬ್ರಿಟಿಷನಾ?

ಅಲ್ಲ. ಸ್ಥಳೀಯರಿಗೆ ಮೊದಲೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂದರೆ ಬ್ರಿಟಿಷನಿಗೆ ತೋರಿಸಿಕೊಟ್ಟವರು ಯಾರು?

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಅನ್ನುವ ಅಧಿಕಾರಿ ಮೈಸೂರು ರಾಜ್ಯದ ಪೂರ್ವದ ಗಡಿ ಅಳೆಯಲು ಈ ಕಡೆ ಬಂದ. ಟಿಪ್ಪು ತೀರಿಕೊಂಡು ಆಗಿನ್ನೂ ಮೂರು ವರ್ಷ. ಇಲ್ಲಿ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಅನ್ನುವ ಮಾತು ಅವನ ಕಿವಿಗೆ ಬಿತ್ತು. ಚಿನ್ನ ತೋರಿಸಿದವರಿಗೆ ಬಹುಮಾನ ಕೊಡುತ್ತೇನೆ ಅಂದ. ಉರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂನಲ್ಲಿ ಜನ ಗುಂಡಿಗೆ ಇಳಿದು ಬುಟ್ಟಿಯಲ್ಲಿ ಕಲ್ಲು ಮೇಲೆ ಸಾಗಿಸಿ, ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದದ್ದನ್ನೂ ಅವನು ನೋಡಿ ಬರೆದಿದ್ದಾನೆ. ಆಮೇಲೆ ಬಂದ ಕಂಪನಿಗಳಿಗೂ ಹಳೇ ಗುಂಡಿಗಳೇ ದಾರಿ ತೋರಿಸಿದ್ದು. ಎಲ್ಲಿ ಹಳಬರು ಅಗೆದಿದ್ದಾರೋ ಅಲ್ಲಿ ಅಗೆದರೆ ಸರಿ, ಇಷ್ಟೇ ಲೆಕ್ಕ.

ಹರಪ್ಪದವರ ಚಿನ್ನವೂ ಇಲ್ಲಿಂದಲೇ ಹೋಗಿತ್ತು ಅಂತ ಕೆಲವರು ಎದೆ ತಟ್ಟಿಕೊಂಡು ಹೇಳುತ್ತಾರೆ. ಅದು ಒಂದು ಊಹೆ, ಎಲ್ಲರೂ ಒಪ್ಪಿದ ಮಾತಲ್ಲ. ನಾನು ಆ ಜಗಳಕ್ಕೆ ಹೋಗುವುದಿಲ್ಲ.

ಬೆಂಗಳೂರಿನ ಲ್ಯಾವೆಲ್ ರಸ್ತೆಗೂ ಕೆಜಿಎಫ್‌ಗೂ ಏನು ಸಂಬಂಧ?

ನೇರ ಸಂಬಂಧ. ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಅನ್ನುವ ಐರಿಷ್ ಸಿಪಾಯಿ, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರು ಕಂಟೋನ್ಮೆಂಟಿನಲ್ಲಿ ಇದ್ದ. ಚಿನ್ನದ ಹುಚ್ಚು ಅವನಿಗೆ ನ್ಯೂಜಿಲೆಂಡಿನಲ್ಲೇ ಹತ್ತಿತ್ತು ಅಂತ ಕಾಣುತ್ತದೆ. ವಾರೆನ್ ಬರೆದದ್ದನ್ನು ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಇಲ್ಲಿಗೆ ಬಂದು ಗುಂಡಿಗಳನ್ನೆಲ್ಲ ನೋಡಿಕೊಂಡು ಹೋದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಗಣಿ ಗುತ್ತಿಗೆ ಸಿಕ್ಕಿತು. ಆದರೆ ಅವನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಎರಡೇ ವರ್ಷದಲ್ಲಿ ಹಕ್ಕನ್ನು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡ. ಊರು ಅವನ ಕೈಗೆ ಸಿಗಲಿಲ್ಲ, ಬೆಂಗಳೂರಿನಲ್ಲಿ ರಸ್ತೆಗೆ ಹೆಸರು ಸಿಕ್ಕಿತು. ಇವತ್ತು ಆ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಬೆಲೆ ಕೇಳಿದರೆ ಚಿನ್ನದ ಗಣಿ ಅಲ್ಲೇ ಇದೆ ಅನ್ನಿಸುತ್ತದೆ.

ಹಾಗಾದರೆ ದುಡ್ಡು ಮಾಡಿದವರು ಯಾರು?

ಜಾನ್ ಟೇಲರ್ ಅಂಡ್ ಸನ್ಸ್. ಇಂಗ್ಲೆಂಡಿನ ಗಣಿ ಕಂಪನಿ, 1880ರಲ್ಲಿ ಬಂತು. ಬಂದ ಕೂಡಲೇ ಚಿನ್ನ ಸುರಿಯಲಿಲ್ಲ. ಮೂರು ವರ್ಷ ಅಗೆದು ಅಗೆದು ಹಾಕಿದ ಹಣ ಮುಗಿಯುತ್ತಾ ಬಂತು, ಲಂಡನ್ನಿನ ಷೇರುದಾರರು ಸಾಕು ಮಾಡಿ ಅನ್ನುತ್ತಿದ್ದರು. ಆಗ ಕ್ಯಾಪ್ಟನ್ ಪ್ಲಮ್ಮರ್ ಅನ್ನುವವನು ಇಲ್ಲಿನದೇ ಮೈಸೂರು ಅನ್ನುವ ಹೆಸರಿನ ಗಣಿಯಲ್ಲಿ ಹಳೇ ಗುಂಡಿಗಳ ತಳಕ್ಕಿಂತ ಇನ್ನೂ ಕೆಳಗೆ ಇಳಿಸಿ ನೋಡಿದ. ಅಲ್ಲಿ ಸಿಕ್ಕಿದ್ದೇ ಚಾಂಪಿಯನ್ ಲೋಡ್, ಬಿಳಿ ಕ್ವಾರ್ಟ್ಜ್ ಕಲ್ಲಿನ ಒಂದು ಉದ್ದನೆಯ ಪಟ್ಟಿ. ಉತ್ತರ ದಕ್ಷಿಣಕ್ಕೆ ಚಾಚಿಕೊಂಡು, ಪಶ್ಚಿಮಕ್ಕೆ ವಾಲಿಕೊಂಡು ಭೂಮಿಯೊಳಗೆ ಇಳಿಯುತ್ತದೆ. ಮುಂದಿನ ನೂರಿಪ್ಪತ್ತು ವರ್ಷ ಇಡೀ ಊರು ಈ ಪಟ್ಟಿಯನ್ನು ಹಿಂಬಾಲಿಸಿಕೊಂಡು ಕೆಳಗೆ ಹೋಯಿತು.

ಒಟ್ಟು ತೆಗೆದ ಚಿನ್ನ ಸುಮಾರು 800 ಟನ್.

ಕರ್ನಾಟಕದ ಊರಿನಲ್ಲಿ ಎಲ್ಲರೂ ತಮಿಳು ಮಾತಾಡುತ್ತಾರೆ, ಯಾಕೆ?

ಈ ಪ್ರಶ್ನೆಯನ್ನು ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಸಿಟ್ಟಿನಲ್ಲಿ ಕೇಳುತ್ತಾರೆ. ಎರಡಕ್ಕೂ ಉತ್ತರ ಒಂದೇ.

ಕಂಪನಿಗೆ ಸಾವಿರಾರು ಜನ ಬೇಕಿತ್ತು. ಸುತ್ತಲಿನ ಹಳ್ಳಿಯ ರೈತರು ಹೊಲ ಬಿಟ್ಟು ನೆಲದೊಳಗೆ ಇಳಿಯಲು ಅಷ್ಟಾಗಿ ಮನಸ್ಸು ಮಾಡಲಿಲ್ಲ. ಮೇಸ್ತ್ರಿಗಳು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತಂದರು. ಬಂದವರಲ್ಲಿ ಹೆಚ್ಚಿನವರು ದಲಿತರು. ಊರಲ್ಲಿ ಜಮೀನಿಲ್ಲ, ಮರ್ಯಾದೆ ಇಲ್ಲ, ಬರಗಾಲ ಬೇರೆ. ಇಲ್ಲಿ ಕೆಲಸ ಸಾಯಿಸುವಂಥದ್ದೇ, ಆದರೆ ಕೈಗೆ ಕಾಸು ಬರುತ್ತಿತ್ತು, ಊರ ಗೌಡನ ಮುಂದೆ ಚಪ್ಪಲಿ ಬಿಚ್ಚಿ ನಿಲ್ಲಬೇಕಾಗಿರಲಿಲ್ಲ. ಮೇಲಿನ ಕೆಲಸಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಯವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು. ಕಾವಲಿಗೆ ಉತ್ತರದಿಂದ ಪಠಾಣರು, ಪಂಜಾಬಿನವರು. ಸುತ್ತಲ ಹಳ್ಳಿಗಳಲ್ಲಿ ತೆಲುಗು, ಕನ್ನಡ.

ಹಾಗಾಗಿ ಇವರು ಮೊನ್ನೆ ಬಂದವರಲ್ಲ. ನಾಲ್ಕೈದು ತಲೆಮಾರಿನಿಂದ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದವರು. ಸಾಮಾನ್ಯವಾಗಿ ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಸಾಹೇಬರ ಹತ್ತಿರ ಇಂಗ್ಲಿಷ್. ನನ್ನ ಕ್ಲಾಸಿನಲ್ಲಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ಹಾಕಿ ಬೈಯುವವರು ಇದ್ದರು. ಬೇರೆ ಎಲ್ಲೂ ಅಷ್ಟು ಚೆನ್ನಾಗಿ ಬೈಸಿಕೊಂಡಿಲ್ಲ.

ಬೆಂಗಳೂರಿಗಿಂತ ಮೊದಲು ಕೆಜಿಎಫ್‌ಗೆ ಕರೆಂಟ್ ಬಂತಂತೆ?

ಹೌದು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಗಣಿಗೆ ಬಂತು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಹಟ ಹಿಡಿದು ಮಾಡಿಸಿದ ಕೆಲಸ, ಆದರೆ ಅದು ಉರಿಯುವುದನ್ನು ನೋಡಲು ಅವರೇ ಇರಲಿಲ್ಲ, 1901ರಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಮೂರು ವರ್ಷ ನಮ್ಮವರೇ ಮುಂದೆ.

"ಏಷ್ಯಾದಲ್ಲೇ ಮೊದಲು", "ಭಾರತದಲ್ಲೇ ಮೊದಲು" ಅಂತೆಲ್ಲ ಫಾರ್ವರ್ಡ್ ಮೆಸೇಜು ಬರುತ್ತಿರುತ್ತವೆ, ಅದು ತಪ್ಪು. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ನೀರಿನಿಂದ ವಿದ್ಯುತ್ ತೆಗೆದಿದ್ದರು. ಅದು ಚಿಕ್ಕದು, ನಮ್ಮದು ದೊಡ್ಡದು, ಅಷ್ಟು ಹೇಳಿದರೆ ಸಾಕು.

ಕರೆಂಟ್ ಬಂದದ್ದು ಮನೆಯಲ್ಲಿ ದೀಪ ಉರಿಯಲಿ ಅಂತಲ್ಲ ಅನ್ನುವುದನ್ನೂ ಮರೆಯಬಾರದು. ಯಂತ್ರ ಓಡಿಸಲು ಬಂತು. ದೀಪ ಮೊದಲು ಸಾಹೇಬರ ಬಂಗಲೆಯಲ್ಲಿ ಉರಿಯಿತು. ಕೂಲಿ ಲೈನಿನ ಮನೆಗಳಲ್ಲಿ ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯೇ ಗತಿ.

ಲಿಟಲ್ ಇಂಗ್ಲೆಂಡ್ ಅಂತ ಯಾಕೆ ಕರೆಯುತ್ತಿದ್ದರು?

ಹವೆ ತಂಪು. ಬಂಗಲೆಗಳು, ಗಾಲ್ಫ್ ಮೈದಾನ, ಕೆಜಿಎಫ್ ಕ್ಲಬ್ಬು, ಚರ್ಚುಗಳು, ಕ್ರಿಸ್ಮಸ್ಸಿಗೆ ಡ್ಯಾನ್ಸು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ತೆಂಗಿನಹಾಲಿನ ಹಳದಿ ಅನ್ನ, ಬಾಲ್ ಕರಿ, ಡಿಸೆಂಬರಿನಲ್ಲಿ ಕುಲ್‌ಕುಲ್ ಅನ್ನುವ ಸಿಹಿತಿಂಡಿ. ಅವರಲ್ಲಿ ಎಷ್ಟೋ ಜನ ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ಹೋಗಿ ಸೇರಿದ್ದಾರೆ, ಅಲ್ಲಿಂದ ಇವತ್ತಿಗೂ ಕೆಜಿಎಫ್ ಅಡುಗೆ ಅಂತ ಬರೆಯುತ್ತಿರುತ್ತಾರೆ.

ಆದರೆ ಇಂಗ್ಲೆಂಡು ಇದ್ದದ್ದು ರಸ್ತೆಯ ಒಂದು ಕಡೆ. ಇನ್ನೊಂದು ಕಡೆ ಲೈನ್ ಮನೆಗಳು. ಬಿದಿರಿನ ತಟ್ಟಿ ಗೋಡೆ, ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹೆರಿಗೆ, ಬಗ್ಗಿಕೊಂಡು ಒಳಗೆ ಹೋಗಬೇಕು. ಒಬ್ಬ ರಾತ್ರಿ ಪಾಳಿಗೆ ಹೋದರೆ ಆ ಚಾಪೆ ಮೇಲೆ ಇನ್ನೊಬ್ಬ ಮಲಗುತ್ತಿದ್ದ. ಲಿಟಲ್ ಇಂಗ್ಲೆಂಡ್ ಅಂತ ಬರೆಯುವವರು ಈ ಕಡೆ ತಿರುಗಿ ನೋಡುವುದೇ ಕಡಿಮೆ. ನನಗೆ ಆ ಹೆಸರು ಕೇಳಿದರೆ ಸ್ವಲ್ಪ ಕಿರಿಕಿರಿ.

ಗಣಿ ಎಷ್ಟು ಆಳ? ಒಳಗೆ ಹೇಗಿತ್ತು?

ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ. ನಂದಿ ಬೆಟ್ಟವನ್ನು ತಲೆಕೆಳಗಾಗಿ ಇಟ್ಟರೂ ಅದರ ತಳ ಮುಟ್ಟುವುದಿಲ್ಲ, ಸಮುದ್ರಮಟ್ಟದಿಂದ ಅದರ ಎತ್ತರವೇ ಒಂದೂವರೆ ಕಿ.ಮೀ. ಆಸುಪಾಸು. ದಕ್ಷಿಣ ಆಫ್ರಿಕಾದ ಗಣಿಗಳನ್ನು ಬಿಟ್ಟರೆ ಇಷ್ಟು ಆಳಕ್ಕೆ ಹೋದ ಚಿನ್ನದ ಗಣಿಗಳು ಬಹಳ ಕಡಿಮೆ.

ಇಳಿಯುವುದು ಕೇಜಿನಲ್ಲಿ, ಅಂದರೆ ಕಬ್ಬಿಣದ ಪಂಜರದಂಥ ಲಿಫ್ಟು. ಒಂದು ಶಾಫ್ಟ್, ಅಂದರೆ ಬಾವಿಯ ಹಾಗೆ ಕೆಳಕ್ಕೆ ಕೊರೆದ ದಾರಿ, ಇಳಿದು, ಒಳಗೇ ನಡೆದು, ಇನ್ನೊಂದು ಶಾಫ್ಟ್ ಹಿಡಿದು ಮತ್ತೆ ಇಳಿಯಬೇಕು. ಶಾಫ್ಟ್‌ಗಳಿಗೂ ಗಿಫೋರ್ಡ್, ಹೀತ್‌ಕೋಟ್, ಎಡ್ಗರ್ ಅಂತ ದೊರೆಗಳ ಹೆಸರೇ. ಕೆಳಗೆ ಹೋದಷ್ಟೂ ಬಿಸಿ. ತೀರಾ ತಳದಲ್ಲಿ ಬಂಡೆಯ ಶಾಖ 65 ಡಿಗ್ರಿ ಹತ್ತಿರ. ಮೇಲಿಂದ ತಂಪು ಗಾಳಿ ತಳ್ಳುವ ಯಂತ್ರ ಇಟ್ಟಿದ್ದರು, ಅದಿಲ್ಲದೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ ಆದ ತಾತ ಇದ್ದರು, ಒಂದು ಸಲ "ಒಳಗೆ ಹೇಗಿತ್ತು ತಾತ" ಅಂತ ಕೇಳಿದೆ. "ಬೇಸಿಗೆಯಲ್ಲಿ ಬೀಗ ಹಾಕಿ ನಿಲ್ಲಿಸಿದ ಬಸ್ಸಿನೊಳಗೆ ಎಂಟು ಗಂಟೆ ಕೂತು ನೋಡು, ಆಮೇಲೆ ಆ ಬಸ್ಸಿನ ಲೈಟು ಆರಿಸು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಜಾಸ್ತಿ ಜನ ಸತ್ತದ್ದು ಹೇಗೆ?

ಬಂಡೆ ಸಿಡಿದು. ಇದಕ್ಕೆ ರಾಕ್ ಬರ್ಸ್ಟ್ ಅಂತಾರೆ, ಹಿಂದೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಸರಳವಾಗಿ ಹೇಳಬೇಕೆಂದರೆ: ಎರಡು ಮೂರು ಕಿ.ಮೀ. ಬಂಡೆಯ ಭಾರ ಮೇಲಿದೆ, ಕೆಳಗೆ ನೀವು ಕಲ್ಲು ತೆಗೆದು ಪೊಳ್ಳು ಮಾಡುತ್ತಾ ಹೋಗುತ್ತೀರಿ, ಆ ಭಾರ ಹೊರುವ ಕೆಲಸ ಪಕ್ಕದ ಗೋಡೆಗೆ ಬೀಳುತ್ತದೆ. ಗೋಡೆ ತಡೆದಷ್ಟು ತಡೆದು ಒಂದು ಕ್ಷಣದಲ್ಲಿ ಸ್ಫೋಟಿಸುತ್ತದೆ. ಮೇಲೆ ಊರಿನಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು, ಗೋಡೆ ಬಿರುಕು ಬಿಡುತ್ತಿತ್ತು. ಹೊಸಬರು ಭೂಕಂಪ ಅಂದುಕೊಳ್ಳುತ್ತಿದ್ದರು. ಹಳಬರು ಮಾತಾಡದೆ ಶಾಫ್ಟ್ ಕಡೆ ಓಡುತ್ತಿದ್ದರು, ಆ ಪಾಳಿಯಲ್ಲಿ ಮನೆಯವರು ಯಾರಾದರೂ ಇದ್ದರೆ.

ಈ ತೊಂದರೆಯನ್ನು ಓದುತ್ತಾ ಓದುತ್ತಾ ಇಲ್ಲಿ ಒಂದು ವಿಜ್ಞಾನವೇ ಬೆಳೆಯಿತು. ರಾಷ್ಟ್ರೀಯ ಬಂಡೆ ಯಂತ್ರಶಾಸ್ತ್ರ ಸಂಸ್ಥೆ, ಎನ್‌ಐಆರ್‌ಎಂ, 1988ರಲ್ಲಿ ಶುರುವಾದದ್ದು ಕೆಜಿಎಫ್‌ನಲ್ಲೇ. ದೇಶದ ಸುರಂಗ, ಅಣೆಕಟ್ಟುಗಳಿಗೆ ಸಲಹೆ ಕೊಡುವವರು ಅವರು.

ಇನ್ನೊಂದು ಸಾವು ನಿಧಾನದ್ದು. ಸಿಲಿಕೋಸಿಸ್. ಕ್ವಾರ್ಟ್ಜ್ ಕೊರೆದಾಗ ಏಳುವ ಪುಡಿ ಪುಪ್ಪುಸದಲ್ಲಿ ಕೂತು, ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ಕೆಮ್ಮುವ ಅಪ್ಪ ಇರುವುದು ಸಾಮಾನ್ಯ ಅನ್ನಿಸಿಬಿಟ್ಟಿತ್ತು.

ಕಲ್ಲಿನಿಂದ ಚಿನ್ನ ತೆಗೆಯುವುದು ಹೇಗೆ? ಗಟ್ಟಿ ಗಟ್ಟಿಯಾಗಿ ಸಿಗುತ್ತಿತ್ತಾ?

ಕಣ್ಣಿಗೆ ಕಾಣುವ ಚಿನ್ನ ಅಪರೂಪ. ಕಲ್ಲನ್ನು ಮೇಲೆ ಸಾಗಿಸಿ, ಮಿಲ್ಲಿನಲ್ಲಿ ಕುಟ್ಟಿ ಹಿಟ್ಟಿನ ಹಾಗೆ ಮಾಡುತ್ತಿದ್ದರು. ಅದನ್ನು ನೀರಿನ ಜೊತೆ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅಂಟದೆ ಉಳಿದ ಸಣ್ಣ ಚಿನ್ನವನ್ನು ಸೈನೈಡ್ ನೀರಿನಲ್ಲಿ ಕರಗಿಸಿ, ಆಮೇಲೆ ಸತುವು ಹಾಕಿ ಬೇರ್ಪಡಿಸುತ್ತಿದ್ದರು. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗೂ ಜಾಸ್ತಿ ಚಿನ್ನ. ಕೊನೆ ಕೊನೆಗೆ ಸುಮಾರು 3 ಗ್ರಾಂ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಚ್ಚಿದ್ದು ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟನ್ನು ಊರ ಪಕ್ಕ ಸುರಿದರು. ನೂರು ವರ್ಷ ಸುರಿದರು. ಅದೇ ಸೈನೈಡ್ ದಿಬ್ಬಗಳು.

ಕೆಲಸಗಾರರು ಚಿನ್ನ ಕದಿಯುತ್ತಿದ್ದರಾ?

ಕೆಲವರು ಕದಿಯುತ್ತಿದ್ದರು, ಇಲ್ಲ ಅಂತ ಯಾಕೆ ಹೇಳಲಿ. ಊಟದ ಡಬ್ಬಿ, ತಲೆಕೂದಲು, ಬಾಯಿ, ಎಲ್ಲ ತಪಾಸಣೆ ಆಗುತ್ತಿತ್ತು. ಕಳ್ಳ ಚಿನ್ನಕ್ಕೆಂದೇ ಮೈಸೂರು ಸರ್ಕಾರ ಬೇರೆ ಕಾನೂನು ಮಾಡಿತ್ತು. ಇಷ್ಟು ಚಿಕ್ಕ ಜಾಗಕ್ಕೆ ಬಹಳ ಕಾಲದಿಂದ ಪ್ರತ್ಯೇಕ ಎಸ್ಪಿ ಇರುವುದು ಕೂಡ ಗಣಿ ಕಾಲದ ಬಳುವಳಿ. ಆದರೆ ಕೂಲಿಯವನ ಸೊಂಟದಲ್ಲಿ ಹೋದದ್ದು ಎಷ್ಟು, ಹಡಗಿನಲ್ಲಿ ಲಂಡನ್ನಿಗೆ ಹೋದದ್ದು ಎಷ್ಟು ಅಂತ ಒಮ್ಮೆ ಯೋಚಿಸಿ.

ಕೆಲಸಗಾರರು ಸುಮ್ನೆ ಇದ್ದರಾ?

ಸುಮ್ನೆ ಇರುವ ಜನವೇ ಅಲ್ಲ. 1930ರಲ್ಲಿ ಕಂಪನಿಯವರು ಎಲ್ಲರ ಬೆರಳಚ್ಚು ತೆಗೆದು ಪಟ್ಟಿ ಮಾಡುತ್ತೇವೆ ಅಂದರು. "ನಾವೇನು ಕಳ್ಳರಾ" ಅಂತ ಕೆಲಸಗಾರರು ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಸುಮಾರು ಮೂರು ವಾರ ಮುಷ್ಕರ ನಡೆಯಿತು, ಆಗ ಅವರಿಗೆ ಯೂನಿಯನ್ ಕೂಡ ಇರಲಿಲ್ಲ. ಯೂನಿಯನ್ನು, ಕಮ್ಯುನಿಸ್ಟರು ಎಲ್ಲ ಆಮೇಲೆ ಬಂದದ್ದು.

ಇದಕ್ಕೂ ಮೊದಲೇ ಇನ್ನೊಂದು ದೊಡ್ಡ ಕೆಲಸ ಆಗಿತ್ತು. ತಮಿಳು ಚಿಂತಕ ಅಯೋತಿದಾಸ್ ಪಂಡಿತರು ಚೆನ್ನೈನಲ್ಲಿ ಶುರು ಮಾಡಿದ ಬೌದ್ಧ ಸಂಘಕ್ಕೆ 1900ರ ದಶಕದಲ್ಲೇ ಇಲ್ಲಿ ಶಾಖೆಗಳಿದ್ದವು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸೇರಿದ್ದು 1956ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು ನಮ್ಮ ಗಣಿ ಕಾರ್ಮಿಕರು ಪಾಳಿ ಮುಗಿಸಿ, ಸ್ನಾನ ಮಾಡಿ, ಬುದ್ಧನ ಬಗ್ಗೆ ಓದಲು ಕೂರುತ್ತಿದ್ದರು. ಕರ್ನಾಟಕದ ದಲಿತ ಚಳವಳಿಯ ಇತಿಹಾಸ ಹೇಳುವಾಗ ಕೆಜಿಎಫ್ ಹೆಸರು ಯಾಕೋ ಬಿಟ್ಟುಹೋಗುತ್ತದೆ, ಭಾಷೆಯ ಕಾರಣಕ್ಕೆ ಅಂತ ನನ್ನ ಅನುಮಾನ. ವಿಧಾನಸಭೆಗೂ ಇಲ್ಲಿಂದ ಆರ್‌ಪಿಐ (ರಿಪಬ್ಲಿಕನ್ ಪಕ್ಷ), ಕಮ್ಯುನಿಸ್ಟ್, ಎಐಎಡಿಎಂಕೆ ಎಲ್ಲರೂ ಗೆದ್ದು ಹೋಗಿದ್ದಾರೆ.

ಚಿನ್ನದ ಗಣಿಯಲ್ಲಿ ವಿಜ್ಞಾನಿಗಳಿಗೆ ಏನು ಕೆಲಸ?

ನನಗೆ ತುಂಬ ಇಷ್ಟವಾದ ಪ್ರಶ್ನೆ, ಆದರೆ ಕೇಳುವವರೇ ಕಡಿಮೆ!

ಆಕಾಶದಿಂದ ನಮ್ಮ ಮೇಲೆ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ. ಅದರಲ್ಲಿ ನ್ಯೂಟ್ರಿನೊ ಅನ್ನುವುದು ಸಾಮಾನ್ಯವಾಗಿ ಯಾವುದಕ್ಕೂ ಡಿಕ್ಕಿ ಹೊಡೆಯದೆ ಭೂಮಿಯನ್ನೇ ತೂರಿಕೊಂಡು ಹೋಗುವ ಕಣ. ಅದನ್ನು ಹಿಡಿಯಬೇಕೆಂದರೆ ಉಳಿದ ಕಣಗಳ ಗಲಾಟೆ ಇರಬಾರದು. ಗಲಾಟೆ ಇಲ್ಲದ ಜಾಗ ಅಂದರೆ ನೆಲದೊಳಗೆ ಬಹಳ ಆಳ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಿಂದಲೇ ಇಲ್ಲಿ ಪ್ರಯೋಗ ಮಾಡುತ್ತಿದ್ದರು. 1965ರಲ್ಲಿ ಅವರು, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ, ಚಾಂಪಿಯನ್ ರೀಫ್‌ನಲ್ಲಿ 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಹಿಡಿಯಿತು. ವಾತಾವರಣದ ನ್ಯೂಟ್ರಿನೊಗಳನ್ನು ಪ್ರಪಂಚದಲ್ಲಿ ಮೊದಲು ಹಿಡಿದದ್ದು ಈ ಎರಡು ತಂಡಗಳೇ. ಆಮೇಲೆ 1980ರ ದಶಕದಲ್ಲಿ ಪರಮಾಣುವಿನೊಳಗಿನ ಪ್ರೋಟಾನ್ ಅನ್ನುವ ಕಣ ತಾನಾಗಿ ಒಡೆಯುತ್ತದಾ ಅಂತ ನೋಡಲು ಇನ್ನೊಂದು ದೊಡ್ಡ ಪ್ರಯೋಗ ಇಲ್ಲೇ ನಡೆಯಿತು.

ಆ ಉಪಕರಣಗಳನ್ನು ಬಿಡಿ ಬಿಡಿಯಾಗಿ ಕೇಜಿನಲ್ಲಿ ಇಳಿಸಿ, ಹೆಗಲ ಮೇಲೆ ಹೊತ್ತು ಒಳಗೆ ಜೋಡಿಸಲು ಕೈ ಹಾಕಿದವರಲ್ಲಿ ನಮ್ಮ ಗಣಿ ಕಾರ್ಮಿಕರೂ ಇದ್ದರು. ಗಣಿ ನಡೆಸಲು ದುಡ್ಡಿಲ್ಲದೆ ತಳದ ಮಟ್ಟಗಳು ಮುಚ್ಚುತ್ತಾ ಬಂದಾಗ ಪ್ರಯೋಗಗಳೂ ನಿಂತವು.

ಗಣಿ ಯಾಕೆ ಮುಚ್ಚಿದರು?

ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ತೆಗೆದುಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂದರೆ ಬಿಜಿಎಂಎಲ್ ಆಯಿತು. ಇಂಗ್ಲಿಷರು ಒಳ್ಳೆಯ ಕಲ್ಲನ್ನೆಲ್ಲ ತೆಗೆದುಕೊಂಡು ಹೋದ ಮೇಲೆ ಸರ್ಕಾರಕ್ಕೆ ಸಿಕ್ಕಿದ್ದು ಆಳವಾದ, ಬಿಸಿಯಾದ, ಚಿನ್ನ ಕಡಿಮೆ ಇರುವ ಗಣಿ. ಕಲ್ಲು ಮೇಲೆ ತರಲು, ನೀರು ಎತ್ತಲು, ಗಾಳಿ ತಂಪು ಮಾಡಲು, ಎಲ್ಲದಕ್ಕೂ ಕರೆಂಟ್ ಬಿಲ್ಲು. ಅದರ ಮೇಲೆ ಬಹಳ ವರ್ಷ ಚಿನ್ನವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಾಗಿರಲಿಲ್ಲ, ಸರ್ಕಾರ ಹೇಳಿದ ಬೆಲೆಗೇ ಕೊಡಬೇಕಿತ್ತು. ಆಮೇಲೆ ಹೊಸ ಯಂತ್ರಕ್ಕೆ ಹಣ ಹಾಕಲಿಲ್ಲ. ಆಡಳಿತದ ತಪ್ಪುಗಳ ಪಟ್ಟಿ ಬೇಕಿದ್ದರೆ ಊರಿನ ಯಾವ ಟೀ ಅಂಗಡಿಯಲ್ಲಿ ಕೂತರೂ ಸಿಗುತ್ತದೆ, ಒಂದು ಟೀಗೆ ಮುಗಿಯುವುದಿಲ್ಲ.

2001ರ ಫೆಬ್ರವರಿ 28ರಂದು ಮುಚ್ಚಿತು. ಆಗ ಉಳಿದಿದ್ದವರು ಸುಮಾರು 3,500 ಕೆಲಸಗಾರರು. ತಮಾಷೆ ನೋಡಿ, ಅದಾಗಿ ಕೆಲವೇ ವರ್ಷಗಳಲ್ಲಿ ಚಿನ್ನದ ಬೆಲೆ ಏರಲು ಶುರುವಾಯಿತು, ಇನ್ನೂ ಏರುತ್ತಲೇ ಇದೆ.

ಈಗ ಜನ ಹೇಗೆ ಬದುಕುತ್ತಿದ್ದಾರೆ?

ರೈಲಿನಲ್ಲಿ. ನಿಜವಾಗಿ, ರೈಲಿನಲ್ಲಿ. ಬೆಳಗ್ಗೆ ಕತ್ತಲು ಇರುವಾಗಲೇ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳು ಉರಿಗಾಂ ಬರುವ ಹೊತ್ತಿಗೇ ತುಂಬಿರುತ್ತವೆ. ಸಾವಿರಾರು ಜನ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಮಾಲ್‌ನಲ್ಲಿ ಸೆಕ್ಯುರಿಟಿ, ಆಸ್ಪತ್ರೆಯಲ್ಲಿ ನರ್ಸು, ಕಾಲ್ ಸೆಂಟರ್, ವೈರಿಂಗು, ಗಾರೆ ಕೆಲಸ. ಹೋಗಿ ಬರಲು ಐದಾರು ಗಂಟೆ. ರೈಲಿನಲ್ಲೇ ನಿದ್ದೆ, ತಿಂಡಿ, ಹುಟ್ಟುಹಬ್ಬದ ಕೇಕು, ಪ್ರೀತಿ, ಜಗಳ. ಪ್ರತಿ ಡಬ್ಬಿಗೂ ಕಾಯಂ ಗುಂಪು ಇರುತ್ತದೆ, ಹೊಸಬರು ತಪ್ಪಿ ಅವರ ಸೀಟಿನಲ್ಲಿ ಕೂತರೆ "ಅಣ್ಣಾ, ಇಲ್ಲಿ ಆಳು ಬರ್ತಾರೆ" ಅಂತ ಮರ್ಯಾದೆಯಿಂದಲೇ ಎಬ್ಬಿಸುತ್ತಾರೆ. ನಾನೂ ಏಳೆಂಟು ವರ್ಷ ಹೀಗೆ ಓಡಾಡಿದ್ದೇನೆ. 1894ರಲ್ಲಿ ಈ ಲೈನು ಹಾಕಿದ್ದು ಗಣಿಗೆ ಯಂತ್ರ, ಕಲ್ಲಿದ್ದಲು ತರಲು. ಈಗ ಅದೇ ಲೈನು ಜನರನ್ನು ಹೊತ್ತುಕೊಂಡು ಹೋಗುತ್ತಿದೆ.

ಊರಿನಲ್ಲೇ ಇರುವ ದೊಡ್ಡ ಕೆಲಸ ಅಂದರೆ ಬಿಇಎಂಎಲ್, 1964ರಿಂದ ಇದೆ, ಬುಲ್ಡೋಜರು, ಮಣ್ಣೆತ್ತುವ ಯಂತ್ರ ಮಾಡುತ್ತಾರೆ. ಆದರೆ 2011ರ ಜನಗಣತಿಯಲ್ಲೇ ಊರಿನ ಜನ 1.6 ಲಕ್ಷ ದಾಟಿತ್ತು. ಒಂದು ಕಾರ್ಖಾನೆ ಎಷ್ಟು ಜನರಿಗೆ ಸಾಕು?

ಗಣಿ ಕ್ವಾರ್ಟರ್ಸ್‌ಗಳಲ್ಲಿ ಎಷ್ಟೋ ಕುಟುಂಬ ಇನ್ನೂ ಇವೆ. ಮನೆ ತಮ್ಮ ಹೆಸರಿಗೆ ಆಗಬೇಕು, ಬಾಕಿ ಹಣ ಬರಬೇಕು ಅಂತ ಕಾಯುತ್ತಾ ಕಾಯುತ್ತಾ ಒಂದು ತಲೆಮಾರೇ ಮುಗಿಯುತ್ತಿದೆ.

ಇನ್ನೂ ಚಿನ್ನ ಇದೆಯಾ? ಮತ್ತೆ ಶುರು ಮಾಡುತ್ತಾರಾ?

ಇದೆ. ಆಳದಲ್ಲಿ ಇರುವುದನ್ನು ತೆಗೆಯುವುದು ಸುಲಭವಲ್ಲ, ಪಂಪು ನಿಲ್ಲಿಸಿದ ಮೇಲೆ ಗಣಿಗಳಲ್ಲಿ ನೀರು ತುಂಬಿಕೊಂಡಿದೆ. ಎಲ್ಲರ ಕಣ್ಣು ಈಗ ದಿಬ್ಬಗಳ ಮೇಲೆ. ಆ ಪುಡಿಯಲ್ಲಿ ಹಳೇ ಕಾಲದ ವಿಧಾನಕ್ಕೆ ಸಿಗದೆ ಉಳಿದ ಚಿನ್ನ ಒಂದು ಟನ್ನಿಗೆ ಗ್ರಾಂಗಿಂತ ಕಡಿಮೆಯೇ ಇರಬಹುದು, ಆದರೆ ಪುಡಿ ಕೋಟಿಗಟ್ಟಲೆ ಟನ್ ಇದೆ, ಅಗೆಯುವ ಕುಟ್ಟುವ ಖರ್ಚು ಆಗಲೇ ಆಗಿಹೋಗಿದೆ. 2024ರ ಜೂನ್‌ನಲ್ಲಿ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಮ್ಮೂರ ಕಡೆ ಯಾರೂ ಪಟಾಕಿ ಹೊಡೆಯಲಿಲ್ಲ. "ಗಣಿ ತೆರೆಯುತ್ತಾರಂತೆ" ಅನ್ನುವ ಸುದ್ದಿ ಪ್ರತಿ ಚುನಾವಣೆಗೂ ಬರುತ್ತದೆ, ಮಾವಿನ ಹೂವಿನ ಹಾಗೆ.

ರಾಜ್ಯದಲ್ಲಿ ಚಿನ್ನ ತೆಗೆಯುವ ಕೆಲಸ ನಡೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ.

ಸೈನೈಡ್ ದಿಬ್ಬ ಮುಟ್ಟಿದರೆ ಸಾಯುತ್ತಾರಾ?

ಸಾಯುವುದಿಲ್ಲ, ನಾವು ಹುಡುಗರಾಗಿದ್ದಾಗ ಅಲ್ಲಿ ಜಾರುಬಂಡೆ ಆಡಿದ್ದೇವೆ. ಹಾಗಂತ ಒಳ್ಳೆಯದೂ ಅಲ್ಲ. ಬೇಸಿಗೆ ಗಾಳಿ ಬೀಸಿದರೆ ಆ ನುಣ್ಣನೆಯ ಪುಡಿ ಊರ ಮೇಲೆ ಹಾರುತ್ತದೆ. ಕಿಟಕಿ, ಅನ್ನ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ. ಮಳೆ ಬಂದರೆ ಕೊಚ್ಚಿಕೊಂಡು ಹೊಲಕ್ಕೆ, ಕೆರೆಗೆ. ಶೂಟಿಂಗ್‌ನವರಿಗೆ ಅದು ಮರುಭೂಮಿ, ಬಟ್ಟೆ ಒಗೆಯುವವರಿಗೆ ತಲೆನೋವು.

ನೋಡಲು ಬರಬಹುದಾ? ಏನೇನಿದೆ?

ಬನ್ನಿ. ಮೊದಲೇ ಹೇಳಿಬಿಡುತ್ತೇನೆ, ಗಣಿಯೊಳಗೆ ಇಳಿಯಲು ಆಗುವುದಿಲ್ಲ. ಗೇಟಿನ ಹತ್ತಿರ ಹೋಗಿ ಕಾವಲುಗಾರರ ಜೊತೆ ವಾದ ಮಾಡಬೇಡಿ, ಪಾಪ ಅವರು ದಿನಕ್ಕೆ ಇಪ್ಪತ್ತು ಜನರಿಗೆ ಅದನ್ನೇ ಹೇಳುತ್ತಿರುತ್ತಾರೆ. ಶಾಫ್ಟ್ ಮೇಲಿನ ಕಬ್ಬಿಣದ ಗೋಪುರಗಳು ದೂರದಿಂದ ಕಾಣುತ್ತವೆ. ಚಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚ್ ನೋಡಿ. ಊರಿಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಇದೆ, ಪಾಲಾರ್ ನದಿಯದ್ದು. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗುತ್ತೀರಿ. ಕಲ್ಲಿನ ಮೇಲೆ ಆಸಕ್ತಿ ಇದ್ದರೆ ಪೆದ್ದಪಲ್ಲಿಯ ಜ್ವಾಲಾಮುಖಿ ಕಲ್ಲು ನೋಡಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಬೋರ್ಡು ಇದೆ, ನೋಡುವವರು ಇಲ್ಲ.

ಸಾಧ್ಯವಾದರೆ ಕಾರು ಬಿಟ್ಟು ರೈಲಿನಲ್ಲಿ ಬನ್ನಿ. ಬೆಳಗ್ಗೆ ಎಲ್ಲರೂ ಬೆಂಗಳೂರಿನ ಕಡೆ ಹೋಗುತ್ತಿರುವಾಗ ಎದುರಿನ ಗಾಡಿ ಹತ್ತಿದರೆ ಕೂರಲು ಜಾಗವೂ ಸಿಗುತ್ತದೆ.

ನಿಮ್ಮ ಮನೆಯಲ್ಲಿ ಕೆಜಿಎಫ್ ಚಿನ್ನ ಇದೆಯಾ?

ಇಲ್ಲ. ಮೂವತ್ತು ವರ್ಷ ಕೆಳಗೆ ಕೆಲಸ ಮಾಡಿದ ಆ ಪಕ್ಕದ ಮನೆ ತಾತನ ಹತ್ತಿರವೂ ಇರಲಿಲ್ಲ, ಅವರ ಹೆಂಡತಿಯ ತಾಳಿ ಕೋಲಾರದ ಅಂಗಡಿಯದ್ದು. ಒಂದು ಬಿಳಿ ಕ್ವಾರ್ಟ್ಜ್ ಕಲ್ಲು ಮಾತ್ರ ಇದೆ, ಅವರೇ ಕೊಟ್ಟದ್ದು, ಮಧ್ಯೆ ಒಂದು ಬೂದು ಗೆರೆ. ಇದರಲ್ಲಿ ಚಿನ್ನ ಇದೆಯಾ ತಾತ ಅಂತ ಕೇಳಿದ್ದೆ. "ಇದ್ದಿದ್ದರೆ ನನ್ನನ್ನ ಹೊರಗೆ ಬಿಡ್ತಿದ್ರಾ" ಅಂದರು. ಈಗ ಅದು ಕರೆಂಟ್ ಬಿಲ್ಲುಗಳ ಮೇಲೆ ಕೂತಿದೆ, ಗಾಳಿಗೆ ಹಾರದ ಹಾಗೆ.